ಸ್ಟ್ರಾಟ್ ಗಿಟಾರ್ ಕೊಟ್ಟು ಕ್ಯಾಸಿನೊ ಗಿಟಾರ್ ತಗೊಳ್ಳಬಹುದಾ? ಹಾಲೋಬಾಡಿ ಅದಲುಬದಲಿಗೆ ಮುಂಚೆ ಏನೇನು ನೋಡಬೇಕು?

ಆರನೇತಂತಿ, ಗಂಗಾವತಿ

ನಮಸ್ಕಾರ. ಗಿಟಾರ್ ಅದಲುಬದಲಿನ ಬಗ್ಗೆ ತಿಳಿದವರ ಸಲಹೆ ಬೇಕು.

ನನ್ನ ಹತ್ರ ಇರೋದು ಮೆಕ್ಸಿಕೋದಲ್ಲಿ ತಯಾರಾದ ಫೆಂಡರ್ ಸ್ಟ್ರಾಟೊಕಾಸ್ಟರ್. ಮೂರು ವರ್ಷದ್ದು, ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಸವೆದಿಲ್ಲ, ಕೊಂಡ ರಸೀದಿ, ಚೀಲ ಎರಡೂ ಇವೆ. ನಮ್ಮ ಗುಂಪು ನುಡಿಸೋದು ಹೆಚ್ಚಾಗಿ ಅರವತ್ತು–ಎಪ್ಪತ್ತರ ದಶಕದ ರಾಕ್. ರಿದಮ್‌ಗೆ ಬೇಕಾದ ಆ ಗಟ್ಟಿ, ಮರದ ದನಿ ಸ್ಟ್ರಾಟ್‌ನಲ್ಲಿ ಸಿಗ್ತಿಲ್ಲ. ಹಾಗಾಗಿ ಹಾಲೋಬಾಡಿ (ಡಬ್ಬಿ ಟೊಳ್ಳಾಗಿರೋ ಗಿಟಾರ್) ಕಡೆ ಮನಸ್ಸು ಹೋಗಿದೆ.

ಎರಡು ಗಿಟಾರ್ ಸಿಗೋ ಹಂಗಿವೆ. ಹೊಸಪೇಟೆಯಲ್ಲಿ ಒಬ್ಬರು ಎಪಿಫೋನ್ ಕ್ಯಾಸಿನೊ ಕೊಟ್ಟು ನನ್ನ ಸ್ಟ್ರಾಟ್ ನೇರಾನೇರ ತಗೊಳ್ತೀನಿ ಅಂತಿದಾರೆ. ಬಳ್ಳಾರಿಯಲ್ಲಿ ಐಬನೆಜ್ ಎಎಸ್73 ಮಾರಾಟಕ್ಕಿದೆ, ಅದಕ್ಕೆ ದುಡ್ಡೇ ಕೊಡಬೇಕು, ಅಂದ್ರೆ ಸ್ಟ್ರಾಟ್ ಮೊದಲು ಮಾರಬೇಕು.

ಅಭ್ಯಾಸ ನಡೆಯೋದು 12x14 ಅಡಿ ಕೋಣೆಯಲ್ಲಿ: ಡ್ರಮ್, ಬೇಸ್, ಎರಡು ಗಿಟಾರ್. ನನ್ನ ಆಂಪ್ 30 ವಾಟಿನ ಕಾಂಬೊ (ಸ್ಪೀಕರ್ ಅದರೊಳಗೇ ಇರೋದು). ಕಾರ್ಯಕ್ರಮ ಅಂದ್ರೆ ಕಾಲೇಜು ಹಾಲು, ರಿಸೆಪ್ಶನ್ನು, ಗಣೇಶನ ಪೆಂಡಾಲು. ಪೂರ್ತಿ ಟೊಳ್ಳು ಗಿಟಾರ್ ಇಂಥ ಜಾಗದಲ್ಲಿ ಕೂಗಿ ಕಾಟ ಕೊಡುತ್ತಾ? ಹಳೆ ಹಾಲೋಬಾಡಿಯಲ್ಲಿ ಏನೇನು ಕೆಟ್ಟಿರುತ್ತೆ, ಕೈಯಲ್ಲಿ ಹಿಡಿದಾಗ ಏನು ಪರೀಕ್ಷೆ ಮಾಡಬೇಕು? ನೇರಾನೇರ ಕೊಡೋದು ನ್ಯಾಯವಾ?


ಕೋಟೆಗುಡ್ಡ, ಬಳ್ಳಾರಿ

ಮೊದಲು ಎರಡರ ಹೊಟ್ಟೆಯೊಳಗೆ ಏನಿದೆ ಅನ್ನೋದು ಸ್ಪಷ್ಟವಾಗಲಿ. ಹೊರಗಿಂದ ಎರಡೂ ಅಕ್ಕತಂಗಿಯರ ಹಾಗೆ ಕಾಣ್ತವೆ: ಸುಮಾರು 16 ಇಂಚು ಅಗಲ, ಎರಡು ಕೊಂಬು, ಎರಡು ಎಫ್ ರಂಧ್ರ. ಆದರೆ ಕ್ಯಾಸಿನೊ ಪೂರ್ತಿ ಟೊಳ್ಳು. ಎಎಸ್73ರ ನಡುವೆ ಕತ್ತಿನಿಂದ ಬುಡದವರೆಗೆ ಮರದ ದಿಮ್ಮಿ ಕೂತಿದೆ. ಮೊಬೈಲ್ ಟಾರ್ಚನ್ನ ಒಂದು ರಂಧ್ರಕ್ಕೆ ಹಿಡಿದು ಇನ್ನೊಂದರಲ್ಲಿ ಇಣುಕಿ. ಬೆಳಕು ಆಚೆ ಹಾಯ್ದು ಬಂದರೆ ಪೂರ್ತಿ ಟೊಳ್ಳು, ಗೋಡೆ ಅಡ್ಡ ನಿಂತರೆ ಸೆಮಿ ಹಾಲೋ. ಮಾರೋರು ಎರಡಕ್ಕೂ "ಹಾಲೋಬಾಡಿ" ಅಂತಲೇ ಹೇಳ್ತಾರೆ, ಅವರ ಮಾತಿನ ಮೇಲೆ ಬಿಡಬೇಡಿ.

ಕೂಗು ಯಾಕೆ ಬರುತ್ತೆ ಅಂದ್ರೆ, ಆಂಪಿನ ದನಿ ಗಿಟಾರಿನ ಮೇಲ್ಹಲಗೆಯನ್ನ ಅಲುಗಿಸುತ್ತೆ, ಹಲಗೆ ತಂತಿಯನ್ನೂ ಪಿಕಪ್ಪನ್ನೂ (ತಂತಿಯ ಅಲುಗಾಟ ಹಿಡಿಯೋ ಸುರುಳಿ) ಅಲುಗಿಸುತ್ತೆ, ಅದು ಮತ್ತೆ ಆಂಪಿಗೆ ಹೋಗುತ್ತೆ. ಜೊತೆಗೆ ಡಬ್ಬಿಯೊಳಗಿನ ಗಾಳಿಗೂ ತನ್ನದೇ ಒಂದು ಸ್ವರ ಇರುತ್ತೆ, ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಬರೋ ಹಾಗೆ. ಅದಕ್ಕೇ ಹಾಲೋಬಾಡಿ ಕೂಗೋದು ಸಾಮಾನ್ಯವಾಗಿ ಒಂದೇ ಮಂದ್ರ ಸ್ವರದಲ್ಲಿ. ಗಿಬ್ಸನ್‌ನವರು 1958ರಲ್ಲಿ ಇಎಸ್-335 ತಂದಾಗ ನಡುವೆ ಮೇಪಲ್ ದಿಮ್ಮಿ ಕೂರಿಸಿದ್ದು ಈ ಕಾಟಕ್ಕೆ ಮದ್ದಾಗಿಯೇ. ಎಎಸ್73 ಆ ವಂಶದ್ದು. ಕ್ಯಾಸಿನೊ 1961ರಲ್ಲಿ ಬಂತು, ಅದು ದಿಮ್ಮಿಯಿಲ್ಲದ ಗಿಬ್ಸನ್ ಇಎಸ್-330ರ ಜೋಡಿ. ಎರಡು ಪಿ-90 (ಒಂಟಿ ಸುರುಳಿ) ಪಿಕಪ್, ಹಿಂದೆ ಟ್ರಪೀಜ್ ಟೇಲ್‌ಪೀಸ್ (ತಂತಿಗಳ ಬುಡ ಹಿಡಿಯೋ ಲೋಹದ ಚೌಕಟ್ಟು).

ದನಿ ನಿಮಗೆ ಬೇಕಾದ್ದೇ. ಬೀಟಲ್ಸ್‌ನಲ್ಲಿ ಮೊದಲು ಪಾಲ್ ಮ್ಯಾಕಾರ್ಟ್ನಿ 1964ರಲ್ಲಿ, ಆಮೇಲೆ 1966ರಲ್ಲಿ ಜಾನ್ ಲೆನನ್, ಜಾರ್ಜ್ ಹ್ಯಾರಿಸನ್ ಇಬ್ಬರೂ ಕ್ಯಾಸಿನೊ ತಗೊಂಡರು. ಪಿ-90ರ ಮೇಲೆ ಬೆರಳು ಜೋರಾಗಿ ಬಿದ್ದಾಗ ಆಂಪ್ ಸ್ವಲ್ಪ ಒಡೆಯೋ ದನಿ, ಮೆತ್ತಗೆ ನುಡಿಸಿದಾಗ ತಿಳಿಯಾಗೋದು, ಅದು ಕ್ಯಾಸಿನೊದ ಗುಣ. ಆದರೆ ಸ್ವರ ಬೇಗ ಇಳಿಯುತ್ತೆ. ಉದ್ದಕ್ಕೆ ಎಳೆದು ಹಿಡಿಯೋ ಲೀಡ್‌ಗೆ ಎಎಸ್73 ವಾಸಿ, ಹಂಬಕರ್ (ಜೋಡಿ ಸುರುಳಿ ಪಿಕಪ್) ಇರೋದರಿಂದ ಗುಂಯ್ ಶಬ್ದವೂ ಕಮ್ಮಿ. 1969ರಲ್ಲಿ ವುಡ್‌ಸ್ಟಾಕ್‌ನಲ್ಲಿ ಆಲ್ವಿನ್ ಲೀ ಅಷ್ಟು ದೊಡ್ಡ ಸದ್ದಿನಲ್ಲಿ ನುಡಿಸಿದ್ದು 335 ಮೇಲೆ. ಪೂರ್ತಿ ಟೊಳ್ಳಿನಲ್ಲಿ ಆ ಮಟ್ಟದ ಸದ್ದು ಹಿಡಿದಿಡೋದು ಬಲು ಕಷ್ಟ.

ನೀವು ರಿದಮ್ ಅಂದಿದೀರಿ, ಆಂಪ್ 30 ವಾಟ್. ಇಷ್ಟಕ್ಕೆ ಕ್ಯಾಸಿನೊ ಆಗುತ್ತೆ, ಆದರೆ ನಿಲ್ಲೋ ಜಾಗ ಬದಲಾಗಬೇಕು. 12x14 ಕೋಣೆಯಲ್ಲಿ ಆಂಪನ್ನ ಮೂಲೆಗೆ ಇಡಬೇಡಿ, ಮೂಲೆ ಮಂದ್ರವನ್ನ ಉಬ್ಬಿಸುತ್ತೆ. ಕುರ್ಚಿ ಮೇಲೆ ಎತ್ತಿಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿದರೆ ಮೆಲ್ಲನೆ ಇಟ್ಟರೂ ನಿಮ್ಮ ಕಿವಿಗೆ ಕೇಳುತ್ತೆ. ಎಷ್ಟು ದೂರ ಸಾಧ್ಯವೋ ಅಷ್ಟು ದೂರ ನಿಂತು, ಎಫ್ ರಂಧ್ರಗಳು ಸ್ಪೀಕರಿಗೆ ಎದುರಾಗದಂತೆ ತಿರುಗಿ, ನಿಮ್ಮ ಮೈ ನಡುವೆ ಬರಲಿ. ಗೇನ್ (ಒಳಬರೋ ದನಿಯ ಬಲ) ಇಳಿಸಿ, ಮಾಸ್ಟರ್ (ಒಟ್ಟು ಸದ್ದು) ಏರಿಸಿ. ಗೇನ್ ಹೆಚ್ಚಾದಷ್ಟೂ ಸಣ್ಣ ಅಲುಗಾಟವೂ ದೊಡ್ಡದಾಗುತ್ತೆ, ಕೂಗು ಶುರುವಾಗೋದೇ ಅಲ್ಲಿ.

ಆಮೇಲೆ ಕೂಗೋ ಸ್ವರ ಹುಡುಕಿ. ಅಭ್ಯಾಸದ ಸದ್ದಿಗೆ ಆಂಪ್ ಇಟ್ಟು, ಆರನೇ ತಂತಿಯಲ್ಲಿ ಮೊದಲ ಫ್ರೆಟ್‌ನಿಂದ ಎಂಟರವರೆಗೆ ಒಂದೊಂದೇ ಸ್ವರ ಬಿಡಿ. ಒಂದು ಕಡೆ ಸ್ವರ ತಾನಾಗಿ ಉಬ್ಬುತ್ತೆ. ಮೂರನೇ ಫ್ರೆಟ್ ಅಂದ್ರೆ 98 ಹರ್ಟ್ಸ್, ಐದನೆಯದು 110, ಏಳನೆಯದು 123. ಈಕ್ಯೂ ಪೆಡಲ್‌ನಲ್ಲಿ (ಮಂದ್ರ, ತಾರ ಬೇರೆಬೇರೆಯಾಗಿ ಏರಿಳಿಸೋದು) 100 ಹರ್ಟ್ಸಿನ ಸ್ಲೈಡರನ್ನ 4ರಿಂದ 6 ಡೆಸಿಬಲ್ ಇಳಿಸಿದರೆ ಸಾಮಾನ್ಯವಾಗಿ ಸಾಕು. ಬೇಸ್ ಗಿಟಾರ್ ಜೊತೆಗಿರೋವಾಗ ಆ ಮಂದ್ರ ನಿಮ್ಮಿಂದ ಯಾರಿಗೂ ಬೇಕಾಗಿಲ್ಲ.

ಅದಕ್ಕೂ ಬಗ್ಗದಿದ್ದರೆ ರಂಧ್ರ ಮುಚ್ಚಬೇಕು. ಕುಶನ್ ಅಂಗಡಿಯ ಗಟ್ಟಿ ಸ್ಪಾಂಜ್, 25 ಮಿ.ಮೀ. ದಪ್ಪದ್ದು, ರಂಧ್ರದ ಆಕಾರಕ್ಕಿಂತ 2–3 ಮಿ.ಮೀ. ದೊಡ್ಡದಾಗಿ ಕತ್ತರಿಸಿ ಒತ್ತಿ ಕೂರಿಸಿ, ಈಚೆ ಎಳೆಯೋಕೆ ಒಂದು ದಾರ ಹೊಲಿದಿಡಿ. ಗಮ್ ಬೇಡ. ಒಳಗೆ ಹತ್ತಿ, ಬಟ್ಟೆ ತುರುಕಬೇಡಿ, ನಾರು ಪಾಟ್ (ವಾಲ್ಯೂಮ್, ಟೋನ್ ತಿರುಗಿಸೋ ಭಾಗ) ಮತ್ತು ಸ್ವಿಚ್ಚಿನೊಳಗೆ ಹೋಗಿ ಕರಕರ ಶುರುವಾಗುತ್ತೆ.

ಒಂದೇ ಒತ್ತಾಯ: ನಿಮ್ಮದೇ ಆಂಪ್ ಹೊಸಪೇಟೆಗೆ ಒಯ್ದು, ನಿಮ್ಮ ಅಭ್ಯಾಸದ ಸದ್ದಿಗೆ ಇಟ್ಟು ಹತ್ತು ನಿಮಿಷ ನುಡಿಸದೆ ಒಪ್ಪಬೇಡಿ. ಮನೆಯ ಹಾಲಿನಲ್ಲಿ ಮೆಲ್ಲಗೆ ನುಡಿಸಿದರೆ ಎಲ್ಲ ಹಾಲೋಬಾಡಿಯೂ ಚಿನ್ನವೇ.


ಬೆಸುಗೆ, ರಾಯಚೂರು

ಅಣ್ಣಾವ್ರು ದನಿ ಬಗ್ಗೆ ಹೇಳ್ಯಾರ, ನಾ ಕೈಯಾಗ ಹಿಡದಾಗ ನೋಡೋದು ಹೇಳ್ತೀನಿ. ಒಯ್ಯೋ ಸಾಮಾನು: ಮಲ್ಟಿಮೀಟರ್, ಗಿಟಾರ್ ಕೇಬಲ್, ಕೇಪೊ (ತಂತಿ ಒತ್ತಿ ಹಿಡಿಯೋ ಕ್ಲಿಪ್), ಟಾರ್ಚ್, ಸಣ್ಣ ಸ್ಟೀಲ್ ಪಟ್ಟಿ, ಫೀಲರ್ ಗೇಜ್ (ಸಂದು ಅಳತಿ ಮಾಡೋ ತೆಳು ತಗಡು). ಫೀಲರ್ ಗೇಜಿಗೆ ಬೆಂಗಳೂರಿಗೆ ಹೋಗೋದು ಬ್ಯಾಡ, ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡೋದೇ ಅದು, ಆಟೊ ಸ್ಪೇರ್ ಅಂಗಡ್ಯಾಗ ಸಿಗ್ತದ.

ಮೊದಲು ತಲೆ ಮತ್ತು ಕತ್ತು ಸೇರೋ ಜಾಗ. ಹಿಂದ ಟಾರ್ಚ್ ಓರೆ ಹಿಡದು ನೋಡ್ರಿ. ಕೂದಲೆಳಿಯಂಥ ಅಡ್ಡಗೆರಿ ಕಂಡ್ರ, ತಲಿ ಮೆತ್ತಗ ಹಿಂದಕ್ಕ ಒತ್ರಿ. ಗೆರಿ ಅಗಲ ಆದ್ರ ಅದು ಪಾಲಿಶ್ ಬಿರುಕಲ್ಲ, ಮರ ಒಡದದ. ಅಂಟಿಸಿದ್ದು ಗಟ್ಟಿ ಇದ್ರ ನುಡಿಸಾಕ ಅಡ್ಡಿ ಇಲ್ಲ, ಆದ್ರ ಬೆಲಿ ಅರ್ಧಕ್ಕ ಇಳೀಬೇಕು.

ಎರಡನೇದು ಬ್ರಿಡ್ಜ್ (ಡಬ್ಬಿ ಮ್ಯಾಲ ತಂತಿ ಹೊರೋ ಆಸರಿ) ಕೆಳಗಿನ ಹಲಗಿ. ಕ್ಯಾಸಿನೊದ ಬ್ರಿಡ್ಜ್ ಕಂಬ ನೇರ ಮ್ಯಾಲಿನ ಹಲಗಿಗೇ ಕೂಡ್ತಾವ, ಕೆಳಗ ಸೆಮಿ ಹಾಲೋದಾಗ ಇರೋ ದಿಮ್ಮಿ ಇಲ್ಲ. ವರ್ಷಾನುಗಟ್ಲೆ ದಪ್ಪ ತಂತಿ ಬಿಗದಿದ್ರ ಹಲಗಿ ಒಳಗ ಕುಸೀತದ. ಸ್ಟೀಲ್ ಪಟ್ಟಿಯನ್ನ ಎರಡು ಪಿಕಪ್ ಬದಿಯಿಂದ ಬ್ರಿಡ್ಜ್ ಹಿಂದಿನ ತನಕ ಅಲ್ಲಲ್ಲಿ ಇಟ್ಟು ನೋಡ್ರಿ. ಹಲಗಿ ಉಬ್ಬಿರಬೇಕು, ತಗ್ಗಿರಬಾರದು. ಕಂಬದ ಸುತ್ತ ಪಾಲಿಶ್ ಒಡದು ವರ್ತುಲ ಆಗಿದ್ರ, ಕಂಬ ಕತ್ತಿನ ಕಡಿ ವಾಲಿದ್ರ, ಬಿಟ್ಟುಬಿಡ್ರಿ.

ಕತ್ತಿನ ಬಾಗು: ಮೊದಲನೇ ಫ್ರೆಟ್ಟಿಗೆ ಕೇಪೊ ಹಾಕ್ರಿ, ಕತ್ತು ಡಬ್ಬಿಗೆ ಸೇರೋ ಫ್ರೆಟ್‌ನಾಗ ಆರನೇ ತಂತಿ ಒತ್ತಿ ಹಿಡೀರಿ, ಏಳನೇ ಫ್ರೆಟ್ ಮ್ಯಾಲ ಸಂದು ಅಳೀರಿ. 0.20ರಿಂದ 0.25 ಮಿ.ಮೀ. ಇದ್ರ ಸರಿ. ಹೆಚ್ಚು ಇದ್ರ ಟ್ರಸ್ ರಾಡ್ (ಕತ್ತಿನೊಳಗ ಬಾಗು ತಿದ್ದೋ ಸಲಾಕಿ) ಪ್ರದಕ್ಷಿಣೆ ದಿಕ್ಕಿಗೆ ಎಂಟನೇ ಒಂದು ಸುತ್ತು ತಿರುಗಿಸಿ ನೋಡ್ರಿ, ಮಾಲಕನ ಎದುರಿಗೇ. ನಟ್ ಅಲುಗದಿದ್ರ ಅಥವಾ ಕೊನೀತನ ತಿರುಗಿ ನಿಂತಿದ್ರ ಆ ಗಿಟಾರ್ ಬ್ಯಾಡ. ಮರೀಬ್ಯಾಡ್ರಿ, ಸರಿಯಾದ ಅಳತಿ ಕೀ ಇಲ್ಲದ ತಿರುಗಿಸಿದ್ರ ನಟ್ಟಿನ ಮೂಲಿ ಸವದು ಹೋಗ್ತದ. ಹನ್ನೆರಡನೇ ಫ್ರೆಟ್ ಮ್ಯಾಲ ತಂತಿ ಎತ್ತರ ದಪ್ಪ ತಂತಿಗೆ 2.0, ಸಣ್ಣದಕ್ಕ 1.6 ಮಿ.ಮೀ. ತನಕ ಇಳೀಬೇಕು, ಇಳಿಸಿದ ಮ್ಯಾಲೂ ಬ್ರಿಡ್ಜಿನ ಚಕ್ರ ಪೂರ್ತಿ ಕೆಳಗ ಮುಟ್ಟಿರಬಾರದು. ಮುಟ್ಟಿದ್ರ ಕತ್ತಿನ ಕೋನ ಹೋಗ್ಯದ ಅಂತ ಅರ್ಥ, ಅದರ ರಿಪೇರಿ ಗಿಟಾರ್ ಬೆಲಿಗೇ ಬರ್ತದ.

ವೈರಿಂಗ್ ಪರೀಕ್ಷೆ ಗಿಟಾರ್ ಬಿಚ್ಚದ ಮಾಡಬಹುದು. ಕೇಬಲ್ ಗಿಟಾರಿಗೆ ಹಾಕ್ರಿ, ಇನ್ನೊಂದು ತುದಿ ಜಾಕಿನ ಮೂತಿಗೆ ಒಂದು ಪ್ರೋಬ್, ತೋಳಿಗೆ (ಹಿಂದಿನ ಉದ್ದ ಭಾಗಕ್ಕ) ಇನ್ನೊಂದು, ಮೀಟರ್ 20 ಕಿಲೋ ಓಮಿಗೆ. ಎಲ್ಲಾ ವಾಲ್ಯೂಮ್ 10ಕ್ಕ. ಪಿ-90 ಒಂದೊಂದು ಸುಮಾರು 7.5ರಿಂದ 9 ಕಿಲೋ ಓಮ್ ತೋರಸ್ತದ. ಸ್ವಿಚ್ ನಡುವ ಇಟ್ರ ಎರಡೂ ಪ್ಯಾರಲಲ್ ಆಗಿ ಸುಮಾರು ಅರ್ಧ, 4ರ ಆಸುಪಾಸು. ಟೋನ್ ಪಾಟ್ ತಿರುಗಿಸಿದ್ರ ಓದು ಬದಲಾಗಂಗಿಲ್ಲ, ಕೆಪಾಸಿಟರ್ ಡಿಸಿ ಬಿಡಂಗಿಲ್ಲ. ಮೂರು ಓದು ಬರದು ಇಲ್ಲಿ ಹಾಕ್ರಿ.

ಗ್ರೌಂಡ್ ವೈರ್: ಜಾಕಿನ ತೋಳಿನಿಂದ ತಂತಿಗೆ ಓದು ಒಂದೆರಡು ಓಮ್ ಒಳಗ ಇರಬೇಕು. ಟ್ರಪೀಜ್ ಕೆಳಗಿನ ವೈರ್ ಕಡಿದಿದ್ರ ಅನಂತ ತೋರಸ್ತದ. ಅದಿದ್ರ ಚಿಂತಿ ಇಲ್ಲ, ಹತ್ತು ನಿಮಿಷದ ಕೆಲಸ.

ಕೊನೀಗೆ ಗಿಟಾರ್ ತಲಿಕೆಳಗ ಮಾಡಿ ಅಲ್ಲಾಡಿಸ್ರಿ, ಒಳಗ ಸ್ಕ್ರೂ, ವಾಶರ್ ಸದ್ದು ಬಂದ್ರ ಎಲ್ಲಿಂದು ಅಂತ ಕೇಳ್ರಿ. ಎಫ್ ರಂಧ್ರದ ಒಳಗಿನ ಲೇಬಲ್ ಮ್ಯಾಲಿನ ನಂಬರು, ತಲಿ ಹಿಂದಿನ ನಂಬರು ಒಂದೇ ಇರಬೇಕು.


ಎರೆಮಣ್ಣು, ಸಿಂಧನೂರು

ಇದೇ ಎಳೆಯಲ್ಲಿ ಒಂದು ಕೇಳಬಹುದಾ? ಐಬನೆಜ್ ಎಎಫ್75ರಲ್ಲಿ ಬ್ರಿಡ್ಜ್ ಬರೀ ತಂತಿಯ ಬಿಗಿಗೆ ನಿಂತಿದೆ. ಜೋರಾಗಿ ಬೀಸಿದಾಗ ಸರಿದು ಶ್ರುತಿ ಹಾಳಾಗುತ್ತೆ. ತಂತಿ 10–46 (ಅತಿ ಸಣ್ಣ, ಅತಿ ದಪ್ಪ ತಂತಿಯ ಅಳತೆ).


ಕೋಟೆಗುಡ್ಡ, ಬಳ್ಳಾರಿ

ಅದು ತೇಲುವ ಬ್ರಿಡ್ಜ್. ಮೂರು ಕಾರಣಕ್ಕೆ ಸರಿಯುತ್ತೆ: ತಂತಿ ಸಣ್ಣದು, ಬುಡ ಹಲಗೆಗೆ ಪೂರ್ತಿ ಕೂತಿಲ್ಲ, ಇಲ್ಲಾ ಹಲಗೆಗೆ ಮೇಣದ ಪಾಲಿಶ್ ಹಚ್ಚಿದಾರೆ.

ಬುಡದ ಕೆಳಗೆ ತೆಳು ಕಾಗದ ತೂರಿಸಿ ನೋಡಿ. ಎಲ್ಲಾದರೂ ಒಳಗೆ ಹೋದರೆ ಅಲ್ಲಿ ಸಂದು ಇದೆ. ಬ್ರಿಡ್ಜ್ ಕೂರೋ ಜಾಗಕ್ಕೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ 120 ನಂಬರ್ ಪಾಲಿಶ್ ಪೇಪರ್ ಒರಟು ಮುಖ ಮೇಲೆ ಮಾಡಿ ಬಿಗಿಯಾಗಿ ಅಂಟಿಸಿ. ಮೇಲಿನ ಲೋಹದ ಭಾಗ ತೆಗೆದಿಟ್ಟು, ಮರದ ಬುಡವನ್ನ ತಂತಿಯ ದಿಕ್ಕಿನಲ್ಲಿ ಮುಂದೆ ಹಿಂದೆ ಉಜ್ಜಿ. ನೇರ ಹಿಡೀರಿ, ವಾಲಿಸಿದರೆ ಬುಡ ದುಂಡಗಾಗಿ ಕೆಲಸ ಇನ್ನೂ ಕೆಡುತ್ತೆ. ಬುಡದ ತಳಕ್ಕೆ ಪೆನ್ಸಿಲ್ ಗೀಟು ಎಳೆದಿಟ್ಟಿದ್ದರೆ, ಗೀಟೆಲ್ಲ ಅಳಿದಾಗ ಪೂರ್ತಿ ಕೂತಿದೆ ಅಂತ ಗೊತ್ತಾಗುತ್ತೆ. ಕೊನೆಗೆ 220ರಲ್ಲಿ ನಾಲ್ಕೈದು ಸಲ.

ಜಾಗ ಹಿಡಿಯೋಕೆ: ನಟ್‌ನಿಂದ (ತಲೆಯ ಕಡೆ ತಂತಿ ಕೂರೋ ಪಟ್ಟಿ) 12ನೇ ಫ್ರೆಟ್ ಎಷ್ಟು ದೂರವೋ, ಅಲ್ಲಿಂದ ಬ್ರಿಡ್ಜ್ ಅಷ್ಟೇ ದೂರ. 24.75 ಇಂಚಿನ ಸ್ಕೇಲಿಗೆ (ನುಡಿಯೋ ತಂತಿಯ ಉದ್ದ) ಅದು 314 ಮಿ.ಮೀ. ದಪ್ಪ ತಂತಿ ಕಡೆ ಇನ್ನೂ 3–4 ಮಿ.ಮೀ. ಹಿಂದಕ್ಕೆ. ಆಮೇಲೆ ಟ್ಯೂನರ್ ಹಚ್ಚಿ 12ನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ಕನ್ನೂ ಒತ್ತಿದ ಸ್ವರವನ್ನೂ ಹೋಲಿಸಿ. ಒತ್ತಿದ್ದು ಏರು ಬಂದರೆ ಬ್ರಿಡ್ಜ್ ಹಿಂದಕ್ಕೆ, ಇಳಿದು ಬಂದರೆ ಮುಂದಕ್ಕೆ. ಮೊದಲು ಎರಡು ಕೊನೆಯ ತಂತಿಗಳಿಗೆ ಇಡೀ ಬುಡ ಸರಿಸಿ ಹೊಂದಿಸಿ, ಉಳಿದ ನಾಲ್ಕಕ್ಕೆ ಸ್ಯಾಡಲ್ (ಬ್ರಿಡ್ಜ್ ಮೇಲೆ ಒಂದೊಂದು ತಂತಿ ಕೂರೋ ಚೂರು) ಸ್ಕ್ರೂ. ಸರಿಯಾದ ಮೇಲೆ ಬುಡದ ನಾಲ್ಕೂ ಮೂಲೆಗೆ ಮಾಸ್ಕಿಂಗ್ ಟೇಪ್ ಗುರುತು ಹಾಕಿ. ತಂತಿ ಬದಲಿಸೋವಾಗ ಒಂದು ತೆಗೆದು ಒಂದು ಹಾಕಿ, ಆರನ್ನೂ ಒಟ್ಟಿಗೆ ಬಿಚ್ಚಿದರೆ ಇದೆಲ್ಲ ಮೊದಲಿಂದ.

ತಂತಿ 11–49ಕ್ಕೆ ಏರಿಸಿ. ಕೆಳಕ್ಕೆ ಒತ್ತೋ ಬಲ ಹೆಚ್ಚಿ ಅರ್ಧ ಕಾಟ ಅಲ್ಲೇ ಹೋಗುತ್ತೆ. ಬೆಂಡಿಂಗ್ ಹೆಚ್ಚು ಮಾಡೋರಾದರೆ ಮೂರನೇ ತಂತಿ ಸುತ್ತಿಲ್ಲದ್ದೇ ಇರಲಿ. ಇಷ್ಟಾದರೂ ಸರಿದರೆ ಬುಡದ ಎರಡೂ ತುದಿಗೆ ಸಣ್ಣ ಚೂರು ತೆಳು ಡಬಲ್ ಟೇಪ್. ಸ್ಪಾಂಜ್ ಇರೋ ಡಬಲ್ ಟೇಪ್ ಹಾಕಿದರೆ ದನಿ ನುಂಗುತ್ತೆ.


ನೆಲತಂತಿ, ಕೊಪ್ಪಳ

ಪಿ-90 ತಗೊಳೋರಿಗೆ ಒಂದು ಮಾತು. ಅದು ಒಂಟಿ ಸುರುಳಿ ಪಿಕಪ್, ಮನಿ ಕರೆಂಟಿನ 50 ಹರ್ಟ್ಸ್ ಗುಂಯ್ ಹಿಡಿಯೋದು ಅದರ ಹುಟ್ಟುಗುಣ. ಹಳೇ ಚೋಕ್ ಟ್ಯೂಬ್‌ಲೈಟು, ಫ್ಯಾನ್ ರೆಗ್ಯುಲೇಟರು, ಸ್ಟೆಬಿಲೈಸರು ಹತ್ತಿರ ಇದ್ರ ಇನ್ನೂ ಜೋರು. ನಿಂತಲ್ಲೇ ಗಿಟಾರ್ ತಿರುಗಿಸ್ರಿ, ಒಂದು ದಿಕ್ಕಿನ್ಯಾಗ ಗುಂಯ್ ಬಹಳ ಇಳಿತೈತಿ. ಅಲ್ಲೇ ನಿಂತು ನುಡಿಸ್ರಿ.

ತಂತಿ ಮುಟ್ಟಿದಾಗ ಗುಂಯ್ ಕಡಿಮಿ ಆಗೋದು ಸಹಜ. ಮುಟ್ಟಿದ್ರ ಜಾಸ್ತಿ ಆದ್ರ ಗಿಟಾರಿನ ಗ್ರೌಂಡ್ ವೈರ್ ಹೋಗೈತಿ. ಮುಟ್ಟಿದಾಗ ಕೈ ಜುಂ ಅಂತ ಶಾಕ್ ಹೊಡದ್ರ ಮಾತ್ರ ಅದು ಗಿಟಾರಿನ ದೋಷ ಅಲ್ಲ, ಕಟ್ಟಡದ ಅರ್ಥಿಂಗ್ ಇಲ್ಲಾ ಆಂಪಿನ ದೋಷ, ಜೀವಕ್ಕ ಅಪಾಯ. ಹಳೇ ಮನಿಗೊಳಗ ಮೂರನೇ ತೂತು ಹೆಸರಿಗಷ್ಟೇ ಇರತೈತಿ. ಮೀಟರ್ ಎಸಿಗೆ ಇಟ್ಟು ಅಳೀರಿ: ಫೇಸ್–ನ್ಯೂಟ್ರಲ್ 230ರ ಸುಮಾರು, ಫೇಸ್–ಅರ್ಥ್ ಅಷ್ಟೇ, ನ್ಯೂಟ್ರಲ್–ಅರ್ಥ್ 3 ವೋಲ್ಟ್ ಒಳಗ. ಪೆಂಡಾಲಿನ್ಯಾಗ ಆಂಪ್ ಒಂದು ಲೈನು, ಮೈಕ್ ಸೆಟ್ ಇನ್ನೊಂದು ಲೈನಿಂದ ಬಂದಿರತೈತಿ. ಹಾಡೋಕ ಮುಂಚೆ ಗಿಟಾರ್ ತಂತಿಗೂ ಮೈಕಿನ ಜಾಲರಿಗೂ ನಡುವ ವೋಲ್ಟೇಜ್ ಅಳೀರಿ. ಒಂದೆರಡು ವೋಲ್ಟಿಗಿಂತ ಹೆಚ್ಚು ಬಂದ್ರ ಬಾಯಿ ಹತ್ತಿರ ಒಯ್ಯಬ್ಯಾಡ್ರಿ, ಎರಡನ್ನೂ ಒಂದೇ ಬೋರ್ಡಿಂದ ಕೊಡ್ಸ್ರಿ. ಗುಂಯ್ ನಿಲ್ಲಲಿ ಅಂತ ಆಂಪಿನ ಮೂರನೇ ಪಿನ್ ಮುರಿಯೋರು ಅದಾರ, ಅದನ್ನ ಯಾವತ್ತೂ ಮಾಡಬಾರದು.

ಇನ್ನ ನಮ್ಮ ಬಿಸಿಲು. ಈ ಗಿಟಾರುಗಳ ಡಬ್ಬಿ ಪ್ಲೈವುಡ್ ಥರ ಪದರ ಅಂಟಿಸಿದ ಮೇಪಲ್, ಅದು ಬೇಗ ಸೀಳಂಗಿಲ್ಲ. ಕತ್ತಿನ ಹಲಗಿ ಮಾತ್ರ ಒಂಟಿ ಮರ. ಏಪ್ರಿಲ್–ಮೇನಾಗ 40 ಡಿಗ್ರಿ ದಾಟಿ ಗಾಳಿ ಒಣಗಿದಾಗ ಅದು ಕುಗ್ಗಿ ಫ್ರೆಟ್ಟಿನ ತುದಿ ಹೊರಗ ಬಂದು ಕೈಗೆ ಚುಚ್ಚತೈತಿ. ಸಣ್ಣ ಡಿಜಿಟಲ್ ತೇವಮಾಪಕ ಕೇಸಿನ್ಯಾಗ ಇಡ್ರಿ, 45ರಿಂದ 55 ಪ್ರತಿಶತ ಇದ್ರ ಛಲೋ. ಕೂಲರ್ ಎದುರಿಗೆ ಸ್ಟ್ಯಾಂಡ್ ಮ್ಯಾಲ ಗಿಟಾರ್ ಇಡಬ್ಯಾಡ್ರಿ, ಹಗಲು ಹಸಿ, ರಾತ್ರಿ ಒಣ, ಶ್ರುತಿಯೂ ನಿಲ್ಲಂಗಿಲ್ಲ, ಪಿಕಪ್ಪಿನ ಸ್ಕ್ರೂ ತುಕ್ಕು ಹಿಡೀತೈತಿ. ಮಧ್ಯಾಹ್ನ ಬಿಸಿಲಿನ್ಯಾಗ ನಿಲ್ಲಿಸಿದ ಕಾರಿನ ಡಿಕ್ಕಿಯೊಳಗ ಅಂಟು ಮೆತ್ತಗಾಗುವಷ್ಟು ಕಾವು ಏರತೈತಿ, ಬೈಂಡಿಂಗ್ (ಡಬ್ಬಿ ಅಂಚಿನ ಪಟ್ಟಿ) ಬಿಚ್ಚತೈತಿ.


ಆರನೇತಂತಿ, ಗಂಗಾವತಿ

ಎಲ್ಲರಿಗೂ ಧನ್ಯವಾದ. ಹೊಸಪೇಟೆಯ ಕ್ಯಾಸಿನೊ ಅಳತೆ ಇಲ್ಲಿದೆ. ತಲೆ, ಕತ್ತು ಗಟ್ಟಿ. ಬಾಗು 0.30, ಟ್ರಸ್ ರಾಡ್ ತಿರುಗಿತು, 0.22ಕ್ಕೆ ಬಂತು. ಹಲಗೆ ಕುಸಿದಿಲ್ಲ. ಎರಡೂ ನಂಬರ್ ಒಂದೇ. ಫ್ರೆಟ್ ಎತ್ತರ ಮೊದಲ ಐದರಲ್ಲಿ 0.8 ಮಿ.ಮೀ., ಮೇಲೆ 1.1. ಕೇಸ್ ಇಲ್ಲ. ನೀವು ಹೇಳಿದ ಆಂಪ್ ಪರೀಕ್ಷೆಯಲ್ಲಿ ಐದನೇ ಫ್ರೆಟ್ ಉಬ್ಬಿತು, 100 ಹರ್ಟ್ಸ್ 5 ಡೆಸಿಬಲ್ ಇಳಿಸಿದ ಮೇಲೆ ನಿಂತಿತು.

ಮೀಟರ್ ಓದು, ಕಿಲೋ ಓಮಿನಲ್ಲಿ: ಬ್ರಿಡ್ಜ್ ಕಡೆ ಪಿಕಪ್ 7.9, ನಡು 3.9, ನೆಕ್ (ಕತ್ತಿನ ಕಡೆ ಪಿಕಪ್) 3.9. ನೆಕ್ ಪಿಕಪ್ ಅರ್ಧ ಸತ್ತಿದೆ ಅಂತಲಾ? ಅದಕ್ಕೇ ಇರಬೇಕು, ನೆಕ್‌ಗೆ ಹಾಕಿದರೂ ದನಿ ತೆಳ್ಳಗೆ ಬರ್ತಿದೆ.


ಬೆಸುಗೆ, ರಾಯಚೂರು

ಪಿಕಪ್ ಸತ್ತಿಲ್ಲ. ಲೆಕ್ಕ ಮಾಡ್ರಿ: ನಡು ಸ್ಥಾನದಾಗ 3.9 ಬರಬೇಕಂದ್ರ, 7.9ರ ಜೊತಿ ಪ್ಯಾರಲಲ್ ಇರೋ ಇನ್ನೊಂದು ಪಿಕಪ್ 7.6–7.7 ಇರಲೇಬೇಕು. ನೆಕ್ ಪಿಕಪ್ ನಿಜವಾಗ್ಲೂ 3.9 ಆಗಿದ್ರ ನಡುವ 2.6 ಬರ್ತಿತ್ತು. ಅಂದ್ರ ನೆಕ್ಕಿಗೆ ಹಾಕಿದ್ರೂ ಸ್ವಿಚ್ ಬ್ರಿಡ್ಜ್ ಪಿಕಪ್ಪನ್ನ ಬಿಡವಲ್ದು, ಎರಡೂ ಕೂಡೇ ನುಡೀಲಿಕ್ಕತ್ಯಾವ.

ಖಾತ್ರಿ ಮಾಡ್ಕೊಳೋದು ಹಿಂಗ. ಸ್ವಿಚ್ ನೆಕ್ಕಿಗೆ ಇಡ್ರಿ, ಬ್ರಿಡ್ಜ್ ವಾಲ್ಯೂಮ್ ಸೊನ್ನೆಗೆ ಇಳಿಸ್ರಿ. ಸ್ವಿಚ್ ಸರಿ ಇದ್ರ ನೆಕ್ ದನಿಗೆ ಏನೂ ಆಗಬಾರದು. ದನಿ ಪೂರ್ತಿ ಸತ್ರ, ಮೀಟರ್ ಸೊನ್ನಿ ಹತ್ರ ಬಂದ್ರ, ಸ್ವಿಚ್ಚಿನ ಎಲಿ ಬಾಗ್ಯದ ಅಥವಾ ನಡುವ ಕಿಲುಬು, ಬೆಸುಗೆ ಚೂರು ಸಿಕ್ಯದ.

ಮೊದಲು ಎಫ್ ರಂಧ್ರದೊಳಗ ಉದ್ದ ನಳಿಕೆಯಿಂದ ಸ್ವಿಚ್ಚಿನ ಎಲಿಗಳ ಮ್ಯಾಲ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಎರಡು ಸಲ ಹೊಡ್ದು, ಸ್ವಿಚ್ ಐವತ್ತು ಸಲ ಆಡಿಸ್ರಿ. ತುಕ್ಕು ಬಿಡಿಸೋ ಎಣ್ಣೆ ಸ್ಪ್ರೇ ಬ್ಯಾಡ್ರಿ, ಜಿಡ್ಡು ಉಳಿದು ದೂಳು ಹಿಡೀತದ. ಸರಿ ಆಗಲಿಲ್ಲಂದ್ರ ಸ್ವಿಚ್ ಹೊರಗ ತಗೀಬೇಕು. ಟೋಪಿ ತಿರುಗಿಸಿ ತಗೀರಿ, ಕಡ್ಡಿಗೆ ಒಂದು ಮೀಟರ್ ಗಟ್ಟಿ ದಾರ ಕಟ್ರಿ, ಆಮ್ಯಾಲ ನಟ್ ಬಿಚ್ರಿ. ದಾರ ಕಟ್ಟದ ನಟ್ ಬಿಚ್ಚಿದ್ರ ಸ್ವಿಚ್ ಒಳಗ ಬಿದ್ದು, ತಿರುಗಿ ತೂತಿಗೆ ತರೋದ್ರಾಗ ಸಂಜಿ ಆಗ್ತದ. ಸ್ವಿಚ್ ಎಫ್ ರಂಧ್ರದಿಂದ ಈಚಿಗೆ ತಗದು ನೋಡ್ರಿ, ನೆಕ್ ಸ್ಥಾನದಾಗ ಬ್ರಿಡ್ಜ್ ಕಡೀ ಎಲಿ ಬಿಟ್ಟು ನಿಲ್ಲಬೇಕು, ಸಂದು ಕಣ್ಣಿಗೆ ಕಾಣಬೇಕು. ಸಣ್ಣ ಇಕ್ಕಳದಿಂದ ಕೂದಲಷ್ಟು ಬಗ್ಗಿಸ್ರಿ. ವಾಪಸ್ ದಾರ ಎಳದ್ರ ತಾನೇ ತೂತಿಗೆ ಬಂದು ಕೂಡ್ತದ. ಪಾಟ್ ತಗಿಯೋದಿದ್ರ ದಾರದ ಬದಲು ಮೀನಿನ ತೊಟ್ಟಿ ಗಾಳಿ ಪೈಪು ಶಾಫ್ಟಿಗೆ ಬಿಗಿಯಾಗಿ ತುರುಕ್ರಿ, ಅದೇ ದಾರದ ಕೆಲಸ ಮಾಡ್ತದ.

ಕೈ ಹಾಕಿದಾಗಲೇ ಇನ್ನೊಂದು: ವಾಲ್ಯೂಮ್ 6ಕ್ಕ ಇಳಿಸಿದ್ರ ದನಿ ಮಂಕಾಗೋದು ಬ್ಯಾಡಂದ್ರ, 150 ಕಿಲೋ ಓಮ್ ರೆಸಿಸ್ಟರ್, 1 ನ್ಯಾನೊಫ್ಯಾರಡ್ ಕೆಪಾಸಿಟರ್ ಎರಡನ್ನೂ ಪ್ಯಾರಲಲ್ ಜೋಡಿಸಿ, ವಾಲ್ಯೂಮ್ ಪಾಟಿನ ಪಿಕಪ್ ಕಾಲಿಗೂ ನಡುವಿನ ಕಾಲಿಗೂ ಬೆಸೀರಿ. ಎರಡೂ ಸೇರಿ ಚಹಾದ ದುಡ್ಡೂ ಆಗಂಗಿಲ್ಲ. ಪಿಕಪ್ ಎತ್ತರ ಮಾತ್ರ ಸ್ಕ್ರೂ ತಿರುಗಿಸಿ ಏರಿಸಾಕ ಬರಂಗಿಲ್ಲ, ಕ್ಯಾಸಿನೊದ ಕಿವಿ ಇರೋ ಪಿ-90 ನೇರ ಹಲಗಿಗೆ ಕೂತಿರ್ತದ. ಏರಿಸಬೇಕಂದ್ರ ಕೆಳಗ ಪ್ಲಾಸ್ಟಿಕ್ ಶಿಮ್ (ತೆಳು ಚೂರು), ಒಂದೊಂದು ತಂತಿಗೆ ಬೇಕಂದ್ರ ಪಿಕಪ್ ಮ್ಯಾಲಿನ ಕಂಬದ ಸ್ಕ್ರೂ.


ಕೋಟೆಗುಡ್ಡ, ಬಳ್ಳಾರಿ

ಬೆಲೆ ಬಗ್ಗೆ. ಮಾಮೂಲಿ ಕ್ಯಾಸಿನೊಗಿಂತ ಮೆಕ್ಸಿಕೋ ಸ್ಟ್ರಾಟ್ ಹೊಸದರಲ್ಲೇ ದುಬಾರಿ. ಅಮೆರಿಕದಲ್ಲಿ ತಯಾರಾದ ಕ್ಯಾಸಿನೊ ಬೇರೆ ಲೆಕ್ಕ, ಅದರ ತಲೆಯ ಹಿಂದೆ ಹಾಗಂತ ಬರೆದಿರುತ್ತೆ. ಎರಡರ ಇವತ್ತಿನ ಅಂಗಡಿ ಬೆಲೆ ತಗೊಂಡು, ಗೀರಿಲ್ಲದ ಎರಡು ಮೂರು ವರ್ಷದ ಗಿಟಾರಿಗೆ ಅದರ 60–65 ಪ್ರತಿಶತ ಹಿಡೀರಿ, ಇದು ನನ್ನ ಲೆಕ್ಕ. ಅದರಿಂದ ದೋಷ ಕಳೆಯಿರಿ. 0.8ರ ಫ್ರೆಟ್ ಇನ್ನೊಂದು ಸಲ ಲೆವೆಲ್ ಮಾಡಿಸೋಕೆ ತಾಳುತ್ತೆ, ಆಮೇಲೆ ರೀಫ್ರೆಟ್ಟೇ (ಹೊಸ ಫ್ರೆಟ್ ಹಾಕಿಸೋದು), ಅದರ ಕೂಲಿಯ ಅರ್ಧ ಕಳೆಯೋದು ನ್ಯಾಯ. ಕೇಸ್ ಇಲ್ಲದ್ದು ಸಣ್ಣ ಮಾತಲ್ಲ. ನಿಮ್ಮ ಸ್ಟ್ರಾಟ್ ಚೀಲದಲ್ಲಿ 16 ಇಂಚಿನ ಗಿಟಾರ್ ಹೋಗಲ್ಲ, 335 ಅಳತೆಯ ಕೇಸೇ ಬೇಕು. ಅದರ ಪೂರ್ತಿ ಬೆಲೆ ಕಳೆಯಿರಿ. ಸ್ವಿಚ್ ದೋಷ ಲೆಕ್ಕಕ್ಕೆ ತರಬೇಡಿ, ಆದರೆ ಅವರಿಗೆ ಹೇಳಿ. ನಿಮ್ಮ ಗಿಟಾರಿನ ದೋಷವೂ ಹಾಗೇ ಮುಂಚೆ ಹೇಳಿ, ಸಣ್ಣ ಊರುಗಳ ವಲಯ ಇದು, ಇದೇ ನಾಲ್ಕು ಜನ ನಾಳೆ ಮತ್ತೆ ಕೊಳ್ಳೋರು.

ಬಂದ ವ್ಯತ್ಯಾಸವನ್ನ ನಗದಾಗಿ ಕೇಳಿ. ಅವರು ಒಪ್ಪದಿದ್ದರೆ ಸ್ಟ್ರಾಟ್ ಬೆಂಗಳೂರಿಗೋ ಹೈದರಾಬಾದಿಗೋ ಮಾರಿ. ಅಲ್ಲಿ ಸ್ಟ್ರಾಟ್ ವಾರದೊಳಗೆ ಹೋಗುತ್ತೆ, ಹಾಲೋಬಾಡಿ ತಿಂಗಳುಗಟ್ಟಲೆ ಕೂರುತ್ತೆ. ಚೌಕಾಸಿಯಲ್ಲಿ ನಿಮ್ಮ ಕೈ ಮೇಲಿದೆ ಅನ್ನೋದು ನೆನಪಿರಲಿ.


ಆರನೇತಂತಿ, ಗಂಗಾವತಿ

ಸ್ಪ್ರೇ ಹೊಡೆದ ಮೇಲೆ ನೆಕ್ 7.6, ನಡು 3.9, ಬ್ರಿಡ್ಜ್ 7.9. ಬಿಚ್ಚೋ ಕೆಲಸ ಬರಲಿಲ್ಲ. ಕೇಸ್ ಮತ್ತು ಅರ್ಧ ರೀಫ್ರೆಟ್ ದುಡ್ಡಿಗೆ ಅವರು ಒಪ್ಪಿದಾರೆ, ಭಾನುವಾರ ಅದಲುಬದಲು.

ಅಭ್ಯಾಸದ ಕೋಣೆ ಸಾಕೆಟ್ ಅಳೆದೆ: ಫೇಸ್–ನ್ಯೂಟ್ರಲ್ 226, ಫೇಸ್–ಅರ್ಥ್ 96.


ನೆಲತಂತಿ, ಕೊಪ್ಪಳ

96 ಅಂದ್ರ ಅರ್ಥ್ ವೈರ್ ಎಲ್ಲಿಗೂ ಸೇರಿಲ್ಲ, ಗಾಳಿಯೊಳಗ ತೇಲಾಕತ್ತೈತಿ. ಆ ಸಾಕೆಟ್ಟಿಗೆ ಆಂಪ್ ಹಚ್ಚಬ್ಯಾಡ್ರಿ. ಎಲೆಕ್ಟ್ರಿಷಿಯನ್ ಕರೆದು ಮೀಟರ್ ಬೋರ್ಡಿಂದ ಅರ್ಥ್ ಗುಂಡಿಗೆ, ಅಲ್ಲಿಂದ ಈ ಸಾಕೆಟ್ಟಿಗೆ ವೈರ್ ಎಳೆಸ್ರಿ. ಆಮೇಲೆ ಮೀಟರಿನ್ಯಾಗ 226 ಬಂತು ಅಂತ ಸುಮ್ಮನಾಗಬ್ಯಾಡ್ರಿ, ಡಿಜಿಟಲ್ ಮೀಟರ್ ಒಣ ಗುಂಡಿಗೂ 226 ತೋರಸತೈತಿ. ಫೇಸ್–ಅರ್ಥ್ ನಡುವ 100 ವಾಟಿನ ಹಳೇ ಬಲ್ಬ್ ಪೂರ್ತಿ ಉರೀತೈತೇನು ಅಂತ ಎಲೆಕ್ಟ್ರಿಷಿಯನ್ ಕೈಲೇ ನೋಡಿಸ್ರಿ, ನೀವು ಮಾಡಬ್ಯಾಡ್ರಿ. ಮಂದ ಉರಿದ್ರ ಗುಂಡಿಗೆ ಉಪ್ಪು, ಇದ್ದಿಲು ಹಾಕಿಸಿ ನೀರು ಹೊಯ್ಯಿಸ್ರಿ. ಎರಿ ನೆಲ ಬ್ಯಾಸಗಿಯೊಳಗ ಬಿರಿತೈತಿ, ಮಾರ್ಚ್‌ನಿಂದ ಮಳಿ ಬೀಳೋತನ ವಾರಕ್ಕ ಎರಡು ಕೊಡ ನೀರು ಬೇಕು.